ಕನ್ನಡ ಸಿಂಗಲ್ ಮಾಡುವ ಸಮಗ್ರ ಮಾರ್ಗದರ್ಶಿ: ಟ್ಯೂನಿನಿಂದ ಕೇಳುಗರವರೆಗೆ

ಸಿನಿಮಾದ ಹಂಗಿಲ್ಲದೆ ಒಂದೇ ಒಂದು ಹಾಡು ಮಾಡಿ ಜನರ ಮುಂದಿಡಲು ಈಗ ದೊಡ್ಡ ಸ್ಟುಡಿಯೊ ಬೇಕಿಲ್ಲ. ಲ್ಯಾಪ್‌ಟಾಪ್, ಎರಡು ಚಾನೆಲ್‌ನ ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಒಂದು ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಕೆಲಸ ಶುರುವಾಗುತ್ತದೆ. ಆದರೂ ಎಷ್ಟೋ ಹಾಡುಗಳು ಅರ್ಧದಲ್ಲಿ ನಿಲ್ಲುತ್ತವೆ, ಇಲ್ಲವೇ ಹೊರಬಂದರೂ ಯಾರ ಕಿವಿಗೂ ಬೀಳುವುದಿಲ್ಲ. ಬಹುಪಾಲು ಕಾರಣ ಒಂದೇ: ಈ ಹಂತದ ತಪ್ಪನ್ನು ಮುಂದಿನ ಹಂತದಲ್ಲಿ ಸರಿಮಾಡೋಣ ಎನ್ನುವ ಧೋರಣೆ. ಸಾಹಿತ್ಯದ ದೀರ್ಘ-ಹ್ರಸ್ವ ಕೆಟ್ಟರೆ ಗಾಯಕರು ಸರಿಮಾಡಲಾರರು. ರೂಮಿನ ಗೋಡೆಯ ಪ್ರತಿಧ್ವನಿಯನ್ನು ಮಿಕ್ಸಿಂಗ್ ಎಂಜಿನಿಯರ್, ಅಂದರೆ ಧ್ವನಿ-ವಾದ್ಯಗಳನ್ನೆಲ್ಲ ಸೇರಿಸಿ ಹದಮಾಡುವವರು, ತೆಗೆಯಲಾರರು. ಸಹಿ ಇಲ್ಲದ ಒಪ್ಪಂದವನ್ನು ಹಾಡು ಹಿಟ್ ಆದಮೇಲೆ ಯಾರೂ ಸರಿಮಾಡಲಾರರು. ಹಾಗಾಗಿ ಇಲ್ಲಿ ಪ್ರತಿ ಹಂತದಲ್ಲೂ ಅಲ್ಲೇ ಮುಗಿಸಬೇಕಾದ ಕೆಲಸ ಯಾವುದು ಎಂಬುದನ್ನೇ ಹೆಚ್ಚು ಹೇಳಿದ್ದೇವೆ.

ಅಳತೆ ಮೊದಲು

ಮೂರು ನಿಮಿಷದ ಹಾಡು ಎಂಬ ಅಳತೆ ಹುಟ್ಟಿದ್ದು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಯಿಂದ. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಅಷ್ಟೇ ಹಿಡಿಸುತ್ತಿತ್ತು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಏಳು ಇಂಚಿನ 45 ಆರ್‌ಪಿಎಂ ತಟ್ಟೆ ತಂದಾಗಲೂ ಆ ಅಳತೆಯೇ ಉಳಿಯಿತು. ಇವತ್ತು ತಟ್ಟೆಯ ಮಿತಿ ಇಲ್ಲ, ಬೇರೊಂದು ಮಿತಿ ಬಂದಿದೆ: ಸ್ಪಾಟಿಫೈನಲ್ಲಿ ಕೇಳುಗರು 30 ಸೆಕೆಂಡ್ ದಾಟಿದರೆ ಮಾತ್ರ ಒಂದು ಸ್ಟ್ರೀಮ್ ಎಂದು ಲೆಕ್ಕ. ಅಂದರೆ ಪಲ್ಲವಿ ಒಮ್ಮೆಯಾದರೂ ಅಷ್ಟರೊಳಗೆ ಕಿವಿಗೆ ಬಿದ್ದಿರಬೇಕು.

ಲೆಕ್ಕ ಹಾಕಲು ಸುಲಭವಾಗುವಂತೆ 96 ಬಿಪಿಎಂ (ನಿಮಿಷಕ್ಕೆ 96 ಪೆಟ್ಟು), 4/4 ತಾಳದ ಹಾಡು ತೆಗೆದುಕೊಳ್ಳಿ. ನಾಲ್ಕು ಪೆಟ್ಟಿನ ಒಂದು ಬಾರ್‌ಗೆ ಸರಿಯಾಗಿ 2.5 ಸೆಕೆಂಡ್. ಹೀಗೆ ಕಟ್ಟಬಹುದು:

ಇಂಟ್ರೊ 4 ಬಾರ್ (10 ಸೆಕೆಂಡ್), ಪಲ್ಲವಿ 8 (30ನೇ ಸೆಕೆಂಡಿಗೆ ಮುಗಿಯುತ್ತದೆ), ಮೊದಲ ಚರಣ 16 (70), ಪಲ್ಲವಿ 8 (90), ಬಿಜಿಎಂ, ಅಂದರೆ ನಡುವಿನ ವಾದ್ಯಸಂಗೀತ 8 (110), ಎರಡನೇ ಚರಣ 16 (150), ಪಲ್ಲವಿ 8 (170), ಮುಕ್ತಾಯ 4 (180).

ಒಟ್ಟು 72 ಬಾರ್, ಮೂರು ನಿಮಿಷ. ನಮ್ಮಲ್ಲಿ ಹೆಚ್ಚಾಗಿ ನಡೆಯುವ ಎಡವಟ್ಟು ಎಂದರೆ ಕೊಳಲು, ಸ್ಟ್ರಿಂಗ್ಸ್, ಆಲಾಪ ಎಲ್ಲ ಸೇರಿ 40 ಸೆಕೆಂಡಿನ ಇಂಟ್ರೊ. ಸಿನಿಮಾದಲ್ಲಿ ಅಷ್ಟು ಹೊತ್ತು ಕಣ್ಣಿಗೆ ದೃಶ್ಯ ಇರುತ್ತದೆ. ಸಿಂಗಲ್‌ಗೆ ಆ ಆಸರೆ ಇಲ್ಲ. ಆಲಾಪ ಬೇಕೇ ಬೇಕು ಎಂದಿದ್ದರೆ ಬಿಜಿಎಂಗೆ ಸಾಗಿಸಿ.

ಜಾನಪದದ ನಡೆ ಇರುವ ಟ್ಯೂನ್ ಆದರೆ ಮೊದಲು ತಾಳ ನೋಡಿಕೊಳ್ಳಿ. ಕೋಲಾಟದ, ಗೀಗೀಯ ಧಾಟಿಯ ಎಷ್ಟೋ ಟ್ಯೂನುಗಳು 6/8ರಲ್ಲಿ ಕೂರುತ್ತವೆ. ಸಾಫ್ಟ್‌ವೇರ್ ಸುಮ್ಮನೆ 4/4 ತೆರೆದುಕೊಡುತ್ತದೆ. ಅದರ ಕ್ಲಿಕ್‌ಗೆ (ತಾಳ ತೋರಿಸುವ ಟಿಕ್ ಟಿಕ್ ಸದ್ದಿಗೆ) ಹಾಡಿದರೆ ಹಾಡಿನ ತೂಗಾಟವೇ ಸತ್ತುಹೋಗುತ್ತದೆ.

ಸಾಹಿತ್ಯವನ್ನು ಟ್ಯೂನಿಗೆ ಕೂರಿಸುವುದು

ಹೆಚ್ಚಿನವರು ಟ್ಯೂನ್ ಮೊದಲು ಮಾಡಿ, ಡಮ್ಮಿ ಪದ ಹಾಕಿ, ಆಮೇಲೆ ಬರೆಸುತ್ತಾರೆ. ತಪ್ಪಿಲ್ಲ. ಆದರೆ ಬರೆಯುವವರಿಗೆ ಬರೀ ವಾಟ್ಸ್‌ಆ್ಯಪ್ ಆಡಿಯೊ ಕಳಿಸಬೇಡಿ. ಟ್ಯೂನಿನ ಲಘು-ಗುರುವನ್ನೂ ಬರೆದುಕೊಡಿ. ಸಾಲು 'ನಾನನ ನಾನನ' ಎಂದಿದ್ದರೆ ಗುರು, ಲಘು, ಲಘು. 'ಬಾಳಿನ ದಾರಿಯ' ಇದಕ್ಕೆ ಸರಿಯಾಗಿ ಕೂರುತ್ತದೆ. 'ನೆನಪಿನ ಮಳೆಯಲಿ' ಕೂರುವುದಿಲ್ಲ. ಮಾತ್ರೆ ಎಣಿಸಿದರೆ ಎರಡರಲ್ಲೂ ನಾಲ್ಕು-ನಾಲ್ಕೇ, ನಿಜ. ಆದರೆ ಟ್ಯೂನಿನ ಮೊದಲ ಸ್ವರ ಉದ್ದ ಇರುವುದರಿಂದ ಗಾಯಕರ ಬಾಯಲ್ಲಿ ಅದು 'ನೇನಪಿನ' ಆಗಿಬಿಡುತ್ತದೆ. ಮಾತ್ರೆಯ ಮೊತ್ತ ಸಾಲದು, ಗುರುವಿನ ಜಾಗವೂ ಹೊಂದಬೇಕು.

ಹ್ರಸ್ವವನ್ನು ಎಳೆದರೆ 'ಬಳೆ' 'ಬಾಳೆ'ಯಾಗುತ್ತದೆ. ತಾಳದ ಪೆಟ್ಟು ತಪ್ಪು ಅಕ್ಷರದ ಮೇಲೆ ಬಿದ್ದರೆ 'ನನ್ನ ಕತೆ' 'ನನ್ನ ಕತ್ತೆ'ಯಾಗುತ್ತದೆ. ಇಂಥದ್ದೊಂದು ಸಿಕ್ಕರೆ ಕೇಳುಗರು ಬಿಡುವುದಿಲ್ಲ, ಕಾಮೆಂಟಿನಲ್ಲಿ ಅದೇ ಹಾಡು ಉಳಿಯುತ್ತದೆ. ಪರೀಕ್ಷೆ ಸುಲಭ: ಸಾಲನ್ನು ಟ್ಯೂನ್ ಇಲ್ಲದೆ, ಅದೇ ತಾಳಕ್ಕೆ ಕೈತಟ್ಟುತ್ತ ಮಾತಿನಂತೆ ಹೇಳಿ ನೋಡಿ. ಎಲ್ಲಿ ನಾಲಿಗೆ ತಡೆಯುತ್ತದೋ ಅಲ್ಲಿ ಪದ ಬದಲಿಸಿ.

ಇನ್ನೊಂದು ಸೂಕ್ಷ್ಮ, ಪಲ್ಲವಿಯ ಮೇಲಿನ ಸ್ವರದ್ದು. ಕನ್ನಡದ ಎಷ್ಟೋ ಪದಗಳು ಸಹಜವಾಗಿ 'ಉ'ಕಾರದಲ್ಲಿ ಮುಗಿಯುತ್ತವೆ: ಹಾಡು, ಕಾಡು, ನೋಡು. ತಾರಸ್ಥಾಯಿಯಲ್ಲಿ 'ಉ' ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಧ್ವನಿ ಹಿಸುಕಿದಂತೆ ಕೇಳುತ್ತದೆ. ಎತ್ತರದ ಉದ್ದ ಸ್ವರಕ್ಕೆ ಆ, ಏ, ಓ ಕೊನೆಯ ಪದ ಕೊಡಿ: ಬಾರೋ, ಹೇಳೇ, ದೂರಾ. ಉಕಾರದ ಪದಗಳನ್ನು ಚರಣದ ಕೆಳಸ್ವರಗಳಿಗೆ ಉಳಿಸಿಕೊಳ್ಳಿ.

ಹಾಡಿನ ಹೆಸರು ಪಲ್ಲವಿಯ ಮೊದಲ ಎರಡು-ಮೂರು ಪದಗಳೇ ಆಗಿರಲಿ. ಕಾವ್ಯಮಯ ಶೀರ್ಷಿಕೆ ಇಟ್ಟು, ಆ ಪದ ಹಾಡಿನಲ್ಲೆಲ್ಲೂ ಬರದಿದ್ದರೆ ಜನ ಹುಡುಕುವುದು ಹೇಗೆ? ಅವರಿಗೆ ನೆನಪಿರುವುದು ಪಲ್ಲವಿ ಮಾತ್ರ.

ಹಳೆಯ ಕವಿತೆಯನ್ನು ಪಾಪ್ ಮಾಡುವ ಆಸೆ ಕನ್ನಡದಲ್ಲಿ ಬಹಳ ಮಂದಿಗೆ ಇರುತ್ತದೆ. ಭಾವಗೀತೆಯ ಪರಂಪರೆಯೇ ಹಾಗೆ ಬೆಳೆದದ್ದು. ಭಾರತದಲ್ಲಿ ಕವಿಯ ಹಕ್ಕು ಆತ ತೀರಿಕೊಂಡ ವರ್ಷ ಮುಗಿದು 60 ವರ್ಷದವರೆಗೆ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು 1994, ಅಂದರೆ 2054ರವರೆಗೆ. ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಬರಹ 2024ರ ಜನವರಿಯಿಂದ ಮುಕ್ತ. ಪಂಜೆ ಮಂಗೇಶರಾಯರು, ಬಿ.ಎಂ.ಶ್ರೀ, ಶಿಶುನಾಳ ಷರೀಫರು, ದಾಸರು, ವಚನಕಾರರು ಯಾರ ಅಪ್ಪಣೆಯೂ ಬೇಡದವರು. ಆದರೆ ಇಲ್ಲೇ ಒಂದು ಗುಂಡಿ ಇದೆ: ಷರೀಫರ ಪದ ಮುಕ್ತ, ಅದಕ್ಕೆ ಸಿ. ಅಶ್ವತ್ಥ್ ಹಾಕಿದ ಟ್ಯೂನ್ ಮುಕ್ತವಲ್ಲ. ಜನಪದದ್ದೇ ಧಾಟಿ ಎಂದುಕೊಂಡು ಕ್ಯಾಸೆಟ್ಟಿನ ಧಾಟಿ ಎತ್ತಿದವರು ಬಹಳ. ನಿಮ್ಮ ಟ್ಯೂನ್ ನೀವೇ ಮಾಡಿ.

ಶ್ರುತಿ ಮತ್ತು ಸ್ಕ್ರ್ಯಾಚ್

ವಾದ್ಯದವರನ್ನು ಕರೆಯುವ ಮುಂಚೆ ಶ್ರುತಿ ಗಟ್ಟಿಯಾಗಬೇಕು. ಗಾಯಕರಿಗೆ ಪಲ್ಲವಿಯ ಅತಿ ಎತ್ತರದ ಸ್ವರ ಅವರ ಮಿತಿಗಿಂತ ಒಂದು ಪೂರ್ಣ ಸ್ವರ ಕೆಳಗಿರಲಿ. ಒಮ್ಮೆ ಮುಟ್ಟಿದರೆ ಸಾಲದು, ಹಾಡನ್ನು ಬಿಡದೆ ಮೂರು ಸಲ ಹಾಡಿಸಿ ನೋಡಿ. ಮೂರನೆಯದರಲ್ಲಿ ಕಂಠ ಬಿಗಿದರೆ ಅರ್ಧ ಸ್ವರ ಇಳಿಸಿ. ಕಪ್ಪು ಒಂದಕ್ಕೆ ಅಂದರೆ ಸಿ ಶಾರ್ಪ್‌ಗೆ ತಬಲಾ ನುಡಿಸಿ ಆದಮೇಲೆ ಇನ್ನೊಂದು ಮನೆಗೆ ಸರಿಸೋಣ ಎಂದರೆ ಆಗದು. ಸಾಫ್ಟ್‌ವೇರ್ ಸರಿಸಿಕೊಡುತ್ತದೆ, ಆದರೆ ತಬಲಾದ ನಾದ ಪ್ಲಾಸ್ಟಿಕ್ ಆಗುತ್ತದೆ, ಕೊಳಲಿನ ಉಸಿರು ಕೃತಕವಾಗುತ್ತದೆ.

ಶ್ರುತಿ, ಬಿಪಿಎಂ ಎರಡೂ ನಿಂತ ಮೇಲೆ ಫೋನಿನಲ್ಲಾದರೂ ಸರಿ, ಕ್ಲಿಕ್‌ಗೆ ಪೂರ್ತಿ ಹಾಡು ಹಾಡಿ ಸ್ಕ್ರ್ಯಾಚ್, ಅಂದರೆ ಕಚ್ಚಾ ಮುದ್ರಣ, ಇಡಿ. ಎಲ್ಲ ವಾದ್ಯಗಳೂ ಇದರ ಮೇಲೆಯೇ ಬರುವುದು.

ಧ್ವನಿಮುದ್ರಣ

ಪ್ರಾಜೆಕ್ಟ್ ಶುರುವಿಗೇ 48 ಕಿಲೋಹರ್ಟ್ಜ್, 24 ಬಿಟ್ ಇಡಿ. ವಿಡಿಯೊ ಎಡಿಟಿಂಗ್ 48ರಲ್ಲೇ ನಡೆಯುವುದರಿಂದ ಮುಂದೆ ಪರಿವರ್ತನೆ ತಪ್ಪುತ್ತದೆ. ಹಾಡುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ಧ್ವನಿಯ ತುಣುಕು) 64 ಅಥವಾ 128 ಸ್ಯಾಂಪಲ್; ಮಿಕ್ಸ್ ಮಾಡುವಾಗ 512 ಅಥವಾ 1024. ಬಫರ್ ಹೆಚ್ಚಿಟ್ಟು ಹಾಡಿಸಿದರೆ ಗಾಯಕರಿಗೆ ತಮ್ಮ ಧ್ವನಿ ತಡವಾಗಿ ಕೇಳುತ್ತದೆ, ಅವರು ತಾಳಕ್ಕಿಂತ ಹಿಂದೆ ಬೀಳುತ್ತಾರೆ, ಬೈಗುಳ ಮಾತ್ರ ಗಾಯಕರಿಗೇ.

ರೂಮಿನ ವಿಷಯದಲ್ಲಿ ದುಡ್ಡು ದಂಡವಾಗುವುದು ಮೊಟ್ಟೆ ಟ್ರೇಗಳಿಗೆ. ಅವು ಹೊರಗಿನ ಸದ್ದು ತಡೆಯುವುದಿಲ್ಲ, ಒಳಗಿನ ಗುಂಯ್‌ಗುಡುವಿಕೆಯನ್ನೂ ತಡೆಯುವುದಿಲ್ಲ. ಎತ್ತರದ ಸದ್ದಿನ ಸ್ವಲ್ಪ ಚುರುಕನ್ನು ಮಾತ್ರ ಕೆಡಿಸುತ್ತವೆ. ಮನೆಯಲ್ಲಿರುವ ದಪ್ಪ ಕೌದಿ, ಕಂಬಳಿ ಇದಕ್ಕಿಂತ ಎಷ್ಟೋ ಮೇಲು. ತೂಗುಹಾಕಬೇಕಾದ ಜಾಗ ಹಾಡುವವರ ಬೆನ್ನ ಹಿಂದೆ. ಕಾರ್ಡಿಯಾಯ್ಡ್, ಅಂದರೆ ಮುಂಬದಿಯ ಸದ್ದನ್ನೇ ಹೆಚ್ಚು ಹಿಡಿಯುವ ಮೈಕ್ ತನ್ನ ಹಿಂಬದಿಯನ್ನು ಅಷ್ಟಾಗಿ ಕೇಳುವುದಿಲ್ಲ. ಅದು ನೋಡುತ್ತಿರುವುದು ಗಾಯಕರನ್ನು ಮತ್ತು ಅವರ ಹಿಂದಿನ ಗೋಡೆಯನ್ನು. ಎರಡು ಪದರ ಕೌದಿ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಇರಲಿ. ರೂಮಿನ ಮೂಲೆಯಲ್ಲಿ ನಿಲ್ಲಬೇಡಿ, ಸರಿಯಾಗಿ ನಡುವಿನಲ್ಲೂ ಬೇಡ. ಫ್ಯಾನ್, ಫ್ರಿಜ್ ಆಫ್. ಲ್ಯಾಪ್‌ಟಾಪ್ ಚಾರ್ಜರ್ ತೆಗೆದಾಗ ಗುಂಯ್ ಸದ್ದು ನಿಂತರೆ ತೊಂದರೆ ಅರ್ಥಿಂಗ್‌ನದು; ಬ್ಯಾಟರಿಯಲ್ಲೇ ಮುದ್ರಿಸಿ.

ಸೂಕ್ಷ್ಮ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಎಲ್ಲರಿಗೂ ಬೇಕು ಎನ್ನುವುದು ಭ್ರಮೆ. ರಸ್ತೆ ಬದಿಯ ಮನೆಯಲ್ಲಿ ಅದು ಬೈಕು, ನಾಯಿ, ಪಕ್ಕದ ಮನೆಯ ಕುಕ್ಕರ್ ಎಲ್ಲವನ್ನೂ ಹಿಡಿದುಕೊಡುತ್ತದೆ. ಅಂಥಲ್ಲಿ ಶ್ಯೂರ್ ಎಸ್‌ಎಂ58 ತರಹದ ಡೈನಮಿಕ್ ಮೈಕೇ ವಾಸಿ. ಕಂಡೆನ್ಸರ್ ಆದರೆ ಇಂಟರ್‌ಫೇಸ್‌ನಲ್ಲಿ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಗುಂಡಿ ಒತ್ತಬೇಕು. ಬಾಯಿಗೂ ಕಂಡೆನ್ಸರ್ ಮೈಕಿಗೂ ಅಂತರ ಒಂದು ಗೇಣಿಗಿಂತ ತುಸು ಕಡಿಮೆ, 15ರಿಂದ 20 ಸೆಂಟಿಮೀಟರ್. ಹತ್ತಿರ ಬಂದಷ್ಟೂ ಧ್ವನಿಯ ತಳ ಉಬ್ಬುತ್ತದೆ. ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ) ಮೈಕಿನಿಂದ ನಾಲ್ಕು ಬೆರಳು ಮುಂದೆ. 'ಪ', 'ಭ' ಗಾಳಿ ಹೊಡೆಯುತ್ತಿದ್ದರೆ ಮೈಕನ್ನು 15-20 ಡಿಗ್ರಿ ಪಕ್ಕಕ್ಕೆ ತಿರುಗಿಸಿ. 'ಶ', 'ಷ', 'ಸ' ಚುಚ್ಚುತ್ತಿದ್ದರೂ ಇದೇ ಮದ್ದು.

ಸಾಫ್ಟ್‌ವೇರ್ ಮೀಟರಿನಲ್ಲಿ ಮಟ್ಟ: ಸಾಮಾನ್ಯ ಹಾಡಿಕೆ ಮೈನಸ್ 18ರಿಂದ ಮೈನಸ್ 12 ಡಿಬಿಯೊಳಗೆ (ಡಿಬಿ ಎಂದರೆ ಡೆಸಿಬೆಲ್, ಸದ್ದಿನ ಅಳತೆ), ಅತಿ ಜೋರಿನ ಸಾಲು ಮೈನಸ್ 6 ದಾಟಬಾರದು. ಕೆಂಪು ದೀಪ ಹತ್ತಿದ ಟೇಕ್ ಎಷ್ಟೇ ಭಾವಪೂರ್ಣವಾಗಿದ್ದರೂ ಕೈಬಿಡಿ. 24 ಬಿಟ್‌ನಲ್ಲಿ ತಗ್ಗಿನಲ್ಲಿ ಮುದ್ರಿಸಿದರೆ ನಷ್ಟವಿಲ್ಲ, ಎತ್ತರದಲ್ಲಿ ಮುದ್ರಿಸಿದರೆ ಒಡೆದ ಧ್ವನಿ ಮತ್ತೆ ಕೂಡುವುದಿಲ್ಲ.

ಮೊದಲು ನಾಲ್ಕೈದು ಪೂರ್ತಿ ಟೇಕ್ ತೆಗೆದುಕೊಳ್ಳಿ, ಆಮೇಲೆ ಸಾಲು ಸಾಲಾಗಿ. ಪೂರ್ತಿ ಟೇಕ್‌ನಲ್ಲಿ ಭಾವದ ಓಟ ಸಿಗುತ್ತದೆ, ಬಿಡಿ ಸಾಲಿನಲ್ಲಿ ಅಚ್ಚುಕಟ್ಟು ಸಿಗುತ್ತದೆ, ಎರಡೂ ಬೇಕು. ಉಚ್ಚಾರಣೆ ಗಮನಿಸಲು ಒಬ್ಬರನ್ನು ಬೇರೆಯೇ ಕೂರಿಸಿ, ಆದರೆ ಸಾಹಿತ್ಯ ಬರೆದವರನ್ನಲ್ಲ. ಬರೆದವರಿಗೆ ತಮ್ಮ ಪದ ತಪ್ಪಾಗಿ ಹಾಡಿದರೂ ಸರಿಯಾಗಿಯೇ ಕೇಳಿಸುತ್ತದೆ. 'ಅ'ಕಾರ-'ಹ'ಕಾರ, 'ಲ'-'ಳ', 'ನ'-'ಣ' ಇವನ್ನು ಕಾಗದ ಹಿಡಿದು ಗುರುತು ಹಾಕುತ್ತ ಹೋಗಲಿ. ಎರಡು ಗಂಟೆ ಮೀರಿ ಹಾಡಿಸಬೇಡಿ.

ಪಲ್ಲವಿಗೆ ಮುಖ್ಯ ಧ್ವನಿಯ ಜೊತೆ ಎರಡು ಡಬಲ್ (ಅದೇ ಸಾಲು ಇನ್ನೆರಡು ಸಲ) ಹಾಡಿಸಿ, ಎಡ-ಬಲಕ್ಕೆ ಹರಡಿ, 8ರಿಂದ 12 ಡಿಬಿ ತಗ್ಗಿನಲ್ಲಿಡಿ. ಒಂದನ್ನೇ ನಕಲು ಮಾಡಿ ಎರಡು ಕಡೆ ಇಟ್ಟರೆ ಅಗಲ ಬರುವುದಿಲ್ಲ, ಸದ್ದು ಮಾತ್ರ ಜಾಸ್ತಿಯಾಗುತ್ತದೆ.

ಪಿಚ್ ತಿದ್ದುಪಡಿಯಲ್ಲಿ ನಮ್ಮ ಸಂಗೀತಕ್ಕೆ ವಿಶೇಷ ಅಪಾಯ ಇದೆ. ಸ್ವರ ತಿದ್ದುವ ಸಾಫ್ಟ್‌ವೇರ್ ಆಟೊಟ್ಯೂನಿನ ರೀಟ್ಯೂನ್ ವೇಗ ಸೊನ್ನೆಗೆ ಇಟ್ಟರೆ ಗಮಕವನ್ನೆಲ್ಲ ಅದು ತಪ್ಪು ಎಂದೇ ತಿಳಿದು ಮೆಟ್ಟಿಲು ಮಾಡಿಹಾಕುತ್ತದೆ. ಬೇಕೆಂದೇ ಆ ರೋಬೊ ಧ್ವನಿ ಮಾಡುವುದು ಬೇರೆ ಮಾತು. ಸಹಜ ಬೇಕಾದರೆ 30ರಿಂದ 50ರ ನಡುವೆ ಇಟ್ಟು, ಜಾರು-ಕಂಪನ ಇರುವ ಅಕ್ಷರಗಳನ್ನು ಪೂರ್ತಿ ಬಿಟ್ಟು, ನಿಂತ ಸ್ವರಗಳನ್ನು ಮಾತ್ರ ಕೈಯಿಂದ ತಿದ್ದಿ.

ತಮಟೆ, ಡೊಳ್ಳು ಬಳಸುವುದಾದರೆ ಬೆಡ್‌ರೂಮ್ ಆಗದು. ಡೊಳ್ಳಿನ ತಳದ ಅಲೆ ಸಣ್ಣ ಕೋಣೆಯಲ್ಲಿ ಗೋಡೆಗೆ ಬಡಿದು ರಾಡಿಯಾಗುತ್ತದೆ. ಶಾಲೆಯ ಹಾಲ್ ಅಥವಾ ಸಮುದಾಯ ಭವನ ಬೆಳಗ್ಗೆ ಬೇಗ ಸಿಕ್ಕರೆ ಅದೇ ಸ್ಟುಡಿಯೊ. ಮೈಕ್ ಒಂದೂವರೆಯಿಂದ ಎರಡು ಮೀಟರ್ ದೂರ. ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುವುದು ಗೊತ್ತಿರುವುದೇ. ಆರಿದಂತೆಲ್ಲ ಅದರ ಸ್ವರ ಇಳಿಯುತ್ತದೆ. ಆದ್ದರಿಂದ ಪ್ರತಿ ಟೇಕ್‌ಗೂ ಮುಂಚೆ ಕಾಯಿಸಲು ಜಾಗ, ಸಮಯ ಇಟ್ಟುಕೊಳ್ಳಿ. ಬೆಳಗಿನ ಟೇಕ್‌ನ ಅರ್ಧಕ್ಕೆ ಮಧ್ಯಾಹ್ನದ್ದನ್ನು ಅಂಟಿಸಿದರೆ ಬೇರೆ ವಾದ್ಯದಂತೆ ಕೇಳುತ್ತದೆ.

ರೆಡಿಮೇಡ್ ಲೂಪ್‌ಗಳ (ಮತ್ತೆ ಮತ್ತೆ ಓಡಿಸುವ ಸಿದ್ಧ ತುಣುಕುಗಳ) ಬಗ್ಗೆ ಒಂದು ಎಚ್ಚರಿಕೆ. ರಾಯಲ್ಟಿ-ಫ್ರೀ ಲೂಪ್ ಬಳಸಲು ಅನುಮತಿ ಇದೆ, ನಿಜ. ಆದರೆ ಅದೇ ಪಿಯಾನೊ ಲೂಪ್ ಇಂಟ್ರೊದಲ್ಲಿ ಒಂಟಿಯಾಗಿ ಬಂದರೆ, ಅದನ್ನೇ ಬಳಸಿದ ಇನ್ನೊಬ್ಬರು ಯೂಟ್ಯೂಬಿನ ಕಂಟೆಂಟ್ ಐಡಿಗೆ (ಅದೇ ಆಡಿಯೊ ಬೇರೆಡೆ ಬಂದರೆ ತಾನೇ ಗುರುತಿಸುವ ವ್ಯವಸ್ಥೆಗೆ) ತಮ್ಮ ಹಾಡು ಕೊಟ್ಟಿದ್ದರೆ, ಕ್ಲೇಮ್, ಅಂದರೆ ಹಕ್ಕಿನ ತಕರಾರು, ನಿಮ್ಮ ಮೇಲೆ ಬರಬಹುದು. ತಾಳದ ಲೂಪ್ ಪರವಾಗಿಲ್ಲ. ಸ್ವರದ ಲೂಪ್ ಆದರೆ ಮರುನುಡಿಸಿ ಅಥವಾ ಗುರುತೇ ಸಿಗದಷ್ಟು ಕತ್ತರಿಸಿ.

ಮಿಕ್ಸ್, ಮಾಸ್ಟರ್

ಮಿಕ್ಸ್ ಅನ್ನು ಧ್ವನಿಯಿಂದ ಶುರುಮಾಡಿ. ಡ್ರಮ್ಸ್‌ನಿಂದ ಶುರುಮಾಡಿ ಕೊನೆಗೆ ಧ್ವನಿ ತುರುಕಿದರೆ ಸಾಹಿತ್ಯ ಕೇಳುವುದಿಲ್ಲ, ಕನ್ನಡ ಕೇಳುಗರ ಮೊದಲ ದೂರೇ ಅದು. ಗಂಡು ಧ್ವನಿಗೆ 80-100 ಹರ್ಟ್ಜ್, ಹೆಣ್ಣು ಧ್ವನಿಗೆ 120ರ ಸುತ್ತ ಕೆಳಗಿನದನ್ನು ಕತ್ತರಿಸಿ. 200ರಿಂದ 400ರಲ್ಲಿ ಮಂಕು ಇದ್ದರೆ 2-3 ಡಿಬಿ ಇಳಿಸಿ. ಜೋರು-ಮೆಲುವಿನ ಅಂತರ ತಗ್ಗಿಸುವ ಕಂಪ್ರೆಸರ್ 3:1 ಅಥವಾ 4:1, ಸೂಚಿ 3ರಿಂದ 6 ಡಿಬಿ ಇಳಿದರೆ ಸಾಕು. ಸಕಾರ ಚುಚ್ಚಿದರೆ 5ರಿಂದ 8 ಕಿಲೋಹರ್ಟ್ಜ್‌ನಲ್ಲಿ ಅದನ್ನು ತಗ್ಗಿಸುವ ಡಿ-ಎಸ್ಸರ್ ಹಾಕಿ. ಡಿಲೇ (ಧ್ವನಿ ಮತ್ತೆ ಮರುಕಳಿಸುವ ಎಫೆಕ್ಟ್) ಸಮಯಕ್ಕೆ 60,000ವನ್ನು ಬಿಪಿಎಂನಿಂದ ಭಾಗಿಸಿ: 96ಕ್ಕೆ 625 ಮಿಲಿಸೆಕೆಂಡ್, ಅರ್ಧ 312.5. ಮೊಳಗು ಕೊಡುವ ರಿವರ್ಬ್‌ಗೆ 20ರಿಂದ 40 ಮಿಲಿಸೆಕೆಂಡ್ ಪ್ರೀ-ಡಿಲೇ (ಶುರುವಾಗುವ ಮುಂಚಿನ ತಡ) ಕೊಟ್ಟರೆ ಪದ ಮುಂದೆ ನಿಲ್ಲುತ್ತದೆ, ಮೊಳಗು ಹಿಂದೆ ಬರುತ್ತದೆ.

ಮೂರು ಕಡೆ ಕೇಳಿ: ಫೋನಿನ ಸ್ಪೀಕರ್, ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್, ಕಾರು. ಫೋನಿನಲ್ಲಿ ಕೆಳಗಿನ ಬೇಸ್ ಕೇಳುವುದೇ ಇಲ್ಲ; ಬೇಸ್ ಗಿಟಾರ್ ಪೂರ್ತಿ ಮಾಯವಾದರೆ ಅದಕ್ಕೆ ಸ್ವಲ್ಪ ಸ್ಯಾಚುರೇಶನ್ (ಮೇಲಿನ ಸ್ವರಾಂಶಗಳನ್ನು ಹುಟ್ಟಿಸುವ ಎಫೆಕ್ಟ್) ಸೇರಿಸಿ. ಬ್ಲೂಟೂತ್ ಡಬ್ಬಿ ಬಹುಪಾಲು ಮೊನೊ. ಅಲ್ಲಿ ಪಲ್ಲವಿಯ ಡಬಲ್‌ಗಳು ಕಾಣೆಯಾದರೆ ಸ್ಟೀರಿಯೊ ಅಗಲಿಸುವ ಪ್ಲಗಿನ್ ತೆಗೆಯಿರಿ.

ಮಾಸ್ಟರಿಂಗ್‌ಗೆ, ಅಂದರೆ ಮಿಕ್ಸ್ ಆದ ಹಾಡಿನ ಕೊನೆಯ ಹದಕ್ಕೆ, ಕೊಡುವ ಫೈಲಿನಲ್ಲಿ ಅತಿ ಜೋರಿನ ಸದ್ದು ಮೈನಸ್ 6 ಡಿಬಿ ದಾಟದಂತೆ ಜಾಗ ಬಿಡಿ, ಸದ್ದಿನ ತುದಿಯನ್ನು ಅದುಮಿಡುವ ಲಿಮಿಟರ್ ತೆಗೆದಿರಿ. 'ಇನ್ನೂ ಜೋರು ಬೇಕು' ಎನ್ನುವವರು ತಿಳಿಯಬೇಕಾದದ್ದು: ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ, ಆ್ಯಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ನೀವು ಮೈನಸ್ 8ಕ್ಕೆ ಹಿಂಡಿ ಕೊಟ್ಟರೆ ಸ್ಪಾಟಿಫೈ 6 ಡಿಬಿ ಇಳಿಸುತ್ತದೆ. ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಪಾಪ್‌ಗೆ ಮೈನಸ್ 11ರಿಂದ ಮೈನಸ್ 9, ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮೈನಸ್ 2 ಡಿಬಿ ಇದ್ದರೆ ಯಾವ ತಕರಾರೂ ಇಲ್ಲ.

ಅದೇ ದಿನ ಇವನ್ನೂ ತೆಗೆಸಿಕೊಳ್ಳಿ: ಧ್ವನಿ ಇಲ್ಲದ ಕರೋಕೆ, ಕೋರಸ್ ಮಾತ್ರ ಇರುವ ಮೈನಸ್ ಟ್ರ್ಯಾಕ್, ಬರೀ ಧ್ವನಿ, ಮೊದಲ ಬಾರಿನಿಂದ ಶುರುವಾಗುವ ಸ್ಟೆಮ್‌ಗಳು (ಒಂದೊಂದು ವಾದ್ಯ-ಗುಂಪಿನ ಬಿಡಿ ಫೈಲುಗಳು). ಆರು ತಿಂಗಳ ನಂತರ ಕೇಳಿದರೆ ಎಂಜಿನಿಯರ್ ಹತ್ತಿರ ಪ್ಲಗಿನ್ನಿನ ಲೈಸೆನ್ಸ್ ಮುಗಿದಿರುತ್ತದೆ. ಮೂರು ಪ್ರತಿ, ಎರಡು ಬಗೆಯ ಡಿಸ್ಕ್, ಒಂದು ಬೇರೆ ಊರಲ್ಲಿ ಅಥವಾ ಕ್ಲೌಡ್‌ನಲ್ಲಿ.

ಕಾಗದ ಪತ್ರ

'ನಮ್ಮವರೇ ಅಲ್ವಾ' ಎಂಬ ಮಾತಿನಿಂದ ಹಾಳಾದ ಸ್ನೇಹಗಳಿಗೆ ಲೆಕ್ಕವಿಲ್ಲ. ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿ ಇರುತ್ತವೆ: ಸಾಹಿತ್ಯ-ಟ್ಯೂನ್ ಒಂದು, ಮುದ್ರಿತ ಆಡಿಯೊ ಇನ್ನೊಂದು. ಎರಡಕ್ಕೂ ಪ್ರತ್ಯೇಕ ಪಾಲು ಬರೆದು, ರೆಕಾರ್ಡಿಂಗ್‌ಗೆ ಮುಂಚೆ ಎಲ್ಲರೂ ಸಹಿ ಹಾಕಬೇಕು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಅಮೆರಿಕದ ಕನ್ನಡ ಕೂಟದಲ್ಲಿ ಹಾಡು ಓಡಬೇಕು ಎಂದಿದ್ದರೆ 'ಇಡೀ ಜಗತ್ತು' ಎಂದು ಬರೆಯುವುದು ಮರೆಯಬೇಡಿ. 2012ರ ತಿದ್ದುಪಡಿಯ ನಂತರ ಸಾಹಿತಿ ಮತ್ತು ಸಂಗೀತ ಸಂಯೋಜಕರ ರಾಯಲ್ಟಿ ಹಕ್ಕನ್ನು ಕಂಪನಿ ಪೂರ್ತಿ ಬರೆಸಿಕೊಳ್ಳುವಂತಿಲ್ಲ. ಒಂದೇ ಮೊತ್ತಕ್ಕೆ ಎಲ್ಲವನ್ನೂ ಕೊಟ್ಟಿದ್ದೇನೆ ಎಂಬ ಹಾಳೆ ಮುಂದಿಟ್ಟರೆ ಈ ಮಾತು ಎತ್ತಿ.

ಸಾಹಿತಿ, ಸಂಯೋಜಕರು ರಾಯಲ್ಟಿ ಸಂಗ್ರಹಿಸಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಹಾಡನ್ನು ನೋಂದಾಯಿಸಲಿ. ಗಾಯಕರಿಗೆ ಇದೇ ಕೆಲಸಕ್ಕೆ ಇಸ್ರಾ ಎಂದು ಶುರುವಾಗಿ ಈಗ ಇಸಾಮ್ರಾ ಆಗಿರುವ ಸಂಸ್ಥೆ ಇದೆ. ವಾದ್ಯದವರಿಂದ ಒಂದು ಪುಟದ ಒಪ್ಪಿಗೆ ಪತ್ರ ಸಾಕು.

ಬಿಡುಗಡೆಗೆ ನಾಲ್ಕು ವಾರ

ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಂಪನಿಯ ಮೂಲಕ ಹಾಡನ್ನು ಕನಿಷ್ಠ ಮೂರ್ನಾಲ್ಕು ವಾರ ಮುಂಚೆ ಅಪ್‌ಲೋಡ್ ಮಾಡಿ. ಮುಖಚಿತ್ರ 3000 x 3000 ಪಿಕ್ಸೆಲ್, ಚೌಕ, ಆರ್‌ಜಿಬಿ. ಅದರ ಮೇಲೆ ಇನ್‌ಸ್ಟಾಗ್ರಾಂ ಹೆಸರು, ಫೋನ್ ನಂಬರ್, ವೆಬ್ ವಿಳಾಸ ಇದ್ದರೆ ವಾಪಸ್ ಬರುತ್ತದೆ. ಭಾಷೆಯ ಕಡೆ 'ಕನ್ನಡ' ಎಂದು ಆರಿಸಿ. ಆತುರದಲ್ಲಿ ಇಂಗ್ಲಿಷ್ ಅಥವಾ ಹಿಂದಿ ಎಂದು ಬಿಟ್ಟರೆ ಕನ್ನಡ ಪ್ಲೇಲಿಸ್ಟ್ ನೋಡಿಕೊಳ್ಳುವವರ ಕಣ್ಣಿಗೆ ಹಾಡು ಬೀಳುವುದೇ ಇಲ್ಲ. ಕಲಾವಿದರ ಹೆಸರಿನ ರೋಮನ್ ಕಾಗುಣಿತ ಎಲ್ಲೆಡೆ ಒಂದೇ ಇರಲಿ, ಇಲ್ಲವಾದರೆ ಹಾಡು ಅದೇ ಹೆಸರಿನ ಇನ್ಯಾರದೋ ಪುಟದಲ್ಲಿ ಹೋಗಿ ಕೂರುತ್ತದೆ.

ಐಎಸ್‌ಆರ್‌ಸಿ ಎಂಬ, ಪ್ರತಿ ರೆಕಾರ್ಡಿಂಗ್‌ಗೂ ಬೇರೆಯಾದ 12 ಅಕ್ಷರ-ಅಂಕಿಗಳ ಗುರುತಿನ ಸಂಕೇತವನ್ನು ಡಿಸ್ಟ್ರಿಬ್ಯೂಟರ್ ಕೊಡುತ್ತಾರೆ. ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಕಡೆಗೆ ಹೋದರೂ ಅದೇ ಸಂಕೇತ ಹಾಕಿದರೆ ಹಳೆಯ ಸ್ಟ್ರೀಮ್ ಲೆಕ್ಕ ಉಳಿಯುತ್ತದೆ. ಕಂಟೆಂಟ್ ಐಡಿ ಆಯ್ಕೆ ಮಾಡಿದರೆ ನಿಮ್ಮ ಚಾನೆಲ್ಲನ್ನು ವಿನಾಯಿತಿ ಪಟ್ಟಿಗೆ ಹಾಕಿಸಿ, ಇಲ್ಲವಾದರೆ ನಿಮ್ಮದೇ ವಿಡಿಯೊಗೆ ನಿಮ್ಮದೇ ಕ್ಲೇಮ್ ಬರುತ್ತದೆ.

ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಎಂಬ ಕಲಾವಿದರ ಪುಟದಲ್ಲಿ ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಹಾಡನ್ನು ಸೂಚಿಸಬೇಕು. ಹಾಗಾದರೆ ನಿಮ್ಮ ಹಿಂಬಾಲಕರ ರಿಲೀಸ್ ರೇಡಾರ್‌ಗೆ (ಹೊಸ ಹಾಡುಗಳ ಪ್ಲೇಲಿಸ್ಟ್‌ಗೆ) ಅದು ಹೋಗುತ್ತದೆ. ವಿವರಣೆಗೆ 500 ಅಕ್ಷರ. 'ಮನಮುಟ್ಟುವ ಹಾಡು' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಯಾವ ವಾದ್ಯ, ಯಾವ ಸೀಮೆಯ ಭಾಷೆ, ಯಾರು ಹಾಡಿದ್ದು, ಬಿಡುಗಡೆಗೆ ಏನೇನು ಯೋಜನೆ ಎಂದು ಬರೆಯಿರಿ.

2015ರ ಜುಲೈಯಿಂದ ಜಗತ್ತಿನ ಬಹುಪಾಲು ಕಡೆ ಹೊಸ ಹಾಡಿನ ದಿನ ಶುಕ್ರವಾರ. ನಮ್ಮಲ್ಲಿ ಅದೇ ದಿನ ಸಿನಿಮಾಗಳೂ ಬರುವುದರಿಂದ, ಹಿಂಬಾಲಕರು ಕಡಿಮೆ ಇರುವವರಿಗೆ ಮಂಗಳವಾರ-ಬುಧವಾರ ನೆಮ್ಮದಿ. ಅಕ್ಟೋಬರ್ ಕೊನೆಯ ವಾರ ನಾಡಗೀತೆ ಧಾಟಿಯ ಹಾಡುಗಳ ಜಾತ್ರೆ. ನಿಮ್ಮದು ರಾಜ್ಯೋತ್ಸವದ ಹಾಡಲ್ಲದಿದ್ದರೆ ಆ ವಾರ ಬಿಡಿ. ಯೂಟ್ಯೂಬ್ ಪ್ರೀಮಿಯರ್ ಶನಿವಾರ ಸಂಜೆ 6ಕ್ಕೆ ಇಟ್ಟರೆ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳಗ್ಗೆ ಎಂಟೂವರೆ, ಲಂಡನ್ನಿನಲ್ಲಿ ಮಧ್ಯಾಹ್ನ ಒಂದೂವರೆ. ಎಲ್ಲರೂ ಎದ್ದಿರುವ ಹೊತ್ತು. ಲಿಂಕ್ ಪುಟದಲ್ಲಿ ಹಳೆಯ ಆ್ಯಪ್‌ಗಳ ಹೆಸರು ತೆಗೆಯಿರಿ: ಟಿಕ್‌ಟಾಕ್ 2020ರಲ್ಲಿ, ರೆಸ್ಸೊ 2024ರ ಜನವರಿಯಲ್ಲಿ ಭಾರತದಿಂದ ಹೋದವು, ವಿಂಕ್ ಕೂಡ ಅದೇ ವರ್ಷ ಮುಚ್ಚಿತು.

ಖರ್ಚಿನ ಪಾಲು: ಕೈಯಲ್ಲಿ ನೂರು ರೂಪಾಯಿ ಇದ್ದರೆ ಆಡಿಯೊಗೆ ಐವತ್ತು, ವಿಡಿಯೊಗೆ ಇಪ್ಪತ್ತೈದು, ಉಳಿದದ್ದು ಬಿಡುಗಡೆಯ ನಂತರಕ್ಕೆ. ಡ್ರೋನ್ ಶಾಟ್‌ಗೆ ಎಪ್ಪತ್ತು ಸುರಿದು, ಮಿಕ್ಸ್‌ಗೆ ಹತ್ತು ಉಳಿಸುವುದು ನಮ್ಮಲ್ಲಿ ಅಂಟಿದ ಚಟ. ಲಿರಿಕ್ ವಿಡಿಯೊ ಸಾಲದು ಎನ್ನುವಂತಿಲ್ಲ. ಕನ್ನಡ ಅಕ್ಷರ ದೊಡ್ಡದಾಗಿ, ಒತ್ತಕ್ಷರ ಒಡೆಯದೆ ಕಂಡರೆ ಜನ ಜೊತೆಗೆ ಹಾಡುತ್ತಾರೆ.

ಕೇಳುಗರು ಏನನ್ನುತ್ತಾರೆ

ಮೊದಲ ಎರಡು ದಿನದ ಅಂಕಿ ಬಂಧು-ಮಿತ್ರರದ್ದು, ಅದನ್ನು ನೋಡಿ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ. ನೋಡಬೇಕಾದದ್ದು ಎರಡನೇ ವಾರ. ಸ್ಪಾಟಿಫೈನಲ್ಲಿ ಒಬ್ಬ ಕೇಳುಗ ಸರಾಸರಿ ಎಷ್ಟು ಸಲ ಕೇಳಿದ, ಎಷ್ಟು ಮಂದಿ ಸೇವ್ ಮಾಡಿದರು, ಸ್ಟ್ರೀಮ್ ಎಲ್ಲಿಂದ ಬಂತು ಎಂಬ ಮೂರು ಸಾಲು ಸಾಕು. ಮರುಕೇಳ್ವಿಕೆ ಇದ್ದು ಕೇಳುಗರು ಕಡಿಮೆ ಎಂದರೆ ಹಾಡು ಚೆನ್ನಾಗಿದೆ, ಪ್ರಚಾರ ಸಾಲದು. ಕೇಳುಗರು ಹೆಚ್ಚು, ಮರುಕೇಳ್ವಿಕೆ ಇಲ್ಲ ಎಂದರೆ ಜಾಹೀರಾತಿಗೆ ಇನ್ನು ದುಡ್ಡು ಹಾಕುವುದು ವ್ಯರ್ಥ.

ಯೂಟ್ಯೂಬ್ ಸ್ಟುಡಿಯೊದಲ್ಲಿ ವೀಕ್ಷಣೆ ಉಳಿಯುವ ಗ್ರಾಫ್ ತೆರೆಯಿರಿ. ಹತ್ತನೇ ಸೆಕೆಂಡಿನೊಳಗೆ ಕುಸಿದರೆ ದೋಷ ಥಂಬ್‌ನೇಲ್ ಅಥವಾ ಇಂಟ್ರೊದ್ದು. ಬಿಜಿಎಂನಲ್ಲಿ ಕುಸಿದರೆ ಅಲ್ಲಿ ಎಂಟು ಬಾರ್ ಹೆಚ್ಚಾಯಿತು. ಗ್ರಾಫ್ ಎಲ್ಲಾದರೂ ಮೇಲಕ್ಕೆ ಉಬ್ಬಿದ್ದರೆ ಜನ ಅದನ್ನು ತಿರುಗಿಸಿ ಕೇಳುತ್ತಿದ್ದಾರೆ. ರೀಲ್ಸ್‌ಗೆ ಕೊಡಬೇಕಾದ 15 ಸೆಕೆಂಡ್ ಅದೇ, ನೀವು ಮೊದಲೇ ಆರಿಸಿಟ್ಟದ್ದಲ್ಲ. ಹುಡುಕಾಟದ ಪದಗಳ ಪಟ್ಟಿಯನ್ನೂ ನೋಡಿ. ಜನ ನಿಮ್ಮ ಶೀರ್ಷಿಕೆ ಬಿಟ್ಟು ಬೇರೆ ಸಾಲು ಟೈಪಿಸುತ್ತಿದ್ದರೆ ಆ ಸಾಲನ್ನು ಅದೇ ಕಾಗುಣಿತದಲ್ಲಿ ವಿವರಣೆಗೆ ಸೇರಿಸಿ.

ಕಾಮೆಂಟಿನಲ್ಲಿ 'ಸೂಪರ್ ಗುರು', 'ಬೆಂಕಿ' ಇವುಗಳಿಂದ ಏನೂ ತಿಳಿಯದು. ಸಾಹಿತ್ಯದ ಸಾಲನ್ನೇ ಬರೆದ ಕಾಮೆಂಟು, ಸಮಯ ಗುರುತಿಸಿದ ಕಾಮೆಂಟು, 'ಕರೋಕೆ ಕೊಡಿ' ಎನ್ನುವ ಕಾಮೆಂಟು ಬೆಲೆಯುಳ್ಳವು. ಕರೋಕೆ ಕೇಳಿದವರಿಗೆ ತಕ್ಷಣ ಕೊಡಿ. ಕರ್ನಾಟಕದಲ್ಲಿ ಹಾಡು ಹರಡುವುದು ಆ್ಯಪ್‌ಗಳಲ್ಲಿ ಮಾತ್ರವಲ್ಲ; ಆರ್ಕೆಸ್ಟ್ರಾ ತಂಡಗಳು, ಕಾಲೇಜು ದಿನಾಚರಣೆ, ಗಣಪತಿ ಪೆಂಡಾಲ್, ಮದುವೆಯ ಡಿಜೆ ಇವರ ಕೈಗೆ ಮೈನಸ್ ಟ್ರ್ಯಾಕ್ ಸಿಗಬೇಕು. ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳು ದೊಡ್ಡ ಕಂಪನಿಗಳ ಪ್ಲೇಲಿಸ್ಟ್ ಕಾಯದೆ ಈ ದಾರಿಯಲ್ಲೇ ಊರೂರು ಮುಟ್ಟಿವೆ.

'ಹತ್ತು ಸಾವಿರ ಸ್ಟ್ರೀಮ್ ಗ್ಯಾರಂಟಿ' ಎನ್ನುವವರಿಂದ ದೂರ ಇರಿ. ಅದು ಬಾಟ್‌ಗಳ, ಅಂದರೆ ಕೇಳುಗರಂತೆ ನಟಿಸುವ ಸಾಫ್ಟ್‌ವೇರ್‌ಗಳ ಕೆಲಸ. ಕೃತಕ ಸ್ಟ್ರೀಮ್ ಸಿಕ್ಕಿಬಿದ್ದರೆ ಸ್ಪಾಟಿಫೈ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕುತ್ತದೆ, ಅವರು ನಿಮ್ಮ ಹಾಡನ್ನೇ ತೆಗೆಯಬಹುದು. ಜಾಹೀರಾತಿನಿಂದ ತಂದ ವೀಕ್ಷಣೆಗಳನ್ನು ಯೂಟ್ಯೂಬ್ 2019ರ ಸೆಪ್ಟೆಂಬರ್‌ನಿಂದ ತನ್ನ ಸಂಗೀತ ಚಾರ್ಟ್‌ಗಳ ಲೆಕ್ಕದಿಂದ ಹೊರಗಿಟ್ಟಿದೆ.

2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಹಾಡು ಎದ್ದೇಳುತ್ತಿಲ್ಲ ಎಂದು ಅದನ್ನೇ ಅಳಿಸಿ ಮತ್ತೆ ಅಪ್‌ಲೋಡ್ ಮಾಡಬೇಡಿ, ಸಂಕೇತ ಹೊಸದಾದರೆ ಹಳೆಯ ಲೆಕ್ಕವೂ ಹೋಗುತ್ತದೆ. ಮೂರನೇ ತಿಂಗಳಲ್ಲಿ ಒಂದು ಗಿಟಾರ್, ಒಂದು ಧ್ವನಿಯ ಅನ್‌ಪ್ಲಗ್ಡ್ ರೂಪವನ್ನು ಹೊಸ ಐಎಸ್‌ಆರ್‌ಸಿಯೊಂದಿಗೆ ಬಿಟ್ಟರೆ ಮೂಲ ಹಾಡಿಗೂ ಜನ ಬರುತ್ತಾರೆ. ಸುಮಾರು ಅದೇ ಹೊತ್ತಿಗೆ ಮೊದಲ ಹಣದ ವಿವರವೂ ಬಂದಿರುತ್ತದೆ, ಏಕೆಂದರೆ ಆ್ಯಪ್‌ಗಳ ಲೆಕ್ಕ ಡಿಸ್ಟ್ರಿಬ್ಯೂಟರ್ ಕೈಸೇರಲು ಎರಡು-ಮೂರು ತಿಂಗಳು ಹಿಡಿಯುತ್ತದೆ. ಅದನ್ನು ಐಎಸ್‌ಆರ್‌ಸಿವಾರು ತೆರೆದು, ಒಪ್ಪಂದದ ಪಾಲಿನ ಪ್ರಕಾರ ಎಲ್ಲರಿಗೂ ಹಂಚಿ, ಮೊತ್ತ ನೂರೇ ರೂಪಾಯಿ ಆಗಿದ್ದರೂ ಲೆಕ್ಕದ ಹಾಳೆಯನ್ನು ಎಲ್ಲರಿಗೂ ಕಳಿಸಿ.